ಐದು ವರ್ಷದಲ್ಲಿ ನಾಲ್ವರು ಪ್ರಾಂಶುಪಾಲರು: ಶಿಕ್ಷಕರು ನಿಲ್ಲದ ಶಾಲೆಯಲ್ಲಿ ನಾನೇನು ಮಾಡಲಿ?

ಪ್ರಶ್ನೆ: ನಾನು ಆರು ವರ್ಷದಿಂದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಶಿಕ್ಷಕಿ. ಎರಡು ವರ್ಷದಿಂದ ಕೋಆರ್ಡಿನೇಟರ್ ಕೆಲಸವೂ ನನ್ನ ಮೇಲಿದೆ. ನಮ್ಮಲ್ಲಿ 32 ಶಿಕ್ಷಕರು. ಕಳೆದ ಒಂದೇ ವರ್ಷದಲ್ಲಿ 11 ಮಂದಿ ಬಿಟ್ಟು ಹೋದರು, ಅವರಲ್ಲಿ ನಾಲ್ವರು ವರ್ಷದ ನಡುವೆಯೇ. ಈಗಿನವರು ಐದು ವರ್ಷದಲ್ಲಿ ನಾಲ್ಕನೆಯ ಪ್ರಾಂಶುಪಾಲರು. ಎಲ್ಲರೆದುರು ಗದರುತ್ತಾರೆ. ಪೋಷಕರೊಬ್ಬರು ಒಂದು ಮಾತು ಹೇಳಿದರೆ ಸಾಕು, ನಮ್ಮನ್ನು ಕೇಳದೆಯೇ ಮೆಮೊ ಬರುತ್ತದೆ. ಆಡಳಿತ ಮಂಡಳಿಯವರು ‘ಈಗಿನವರಿಗೆ ನಿಷ್ಠೆ ಇಲ್ಲ’ ಎನ್ನುತ್ತಾರೆ. ನಾನು ಇರಬೇಕೋ, ಹೋಗಬೇಕೋ? ಇದ್ದರೆ ನನ್ನಂಥವಳಿಂದ ಏನಾದರೂ ಆದೀತೇ? ಮೊನ್ನೆ ಎಂಟನೇ ತರಗತಿಯ ಹುಡುಗಿಯೊಬ್ಬಳು ‘ನೀವೂ ಹೋಗ್ತೀರಾ ಮಿಸ್?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ಆ ಹುಡುಗಿಯ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ಆಡಳಿತ ಮಂಡಳಿಯವರ ಮಾತನ್ನು ನೋಡೋಣ. ನಿಮ್ಮ ಪತ್ರ ಓದುವಾಗ ಆ ಮಾತನ್ನು ನೀವೂ ಒಳಗೊಳಗೇ ಅರ್ಧ ನಂಬಿದ್ದೀರಿ ಎನ್ನಿಸಿತು.

32ರಲ್ಲಿ 11 ಎಂದರೆ ಮೂವರಲ್ಲಿ ಒಬ್ಬರು. ಅಮೆರಿಕದಲ್ಲಿ ಈ ಲೆಕ್ಕವನ್ನು ಬಹಳ ಕಾಲದಿಂದ ಇಡುತ್ತಾ ಬಂದಿದ್ದಾರೆ. ಅಲ್ಲಿ ವರ್ಷಕ್ಕೆ ಸುಮಾರು ಶೇ. 8ರಷ್ಟು ಶಿಕ್ಷಕರು ವೃತ್ತಿಯನ್ನೇ ಬಿಡುತ್ತಾರೆ. ಹೆಚ್ಚುಕಡಿಮೆ ಅಷ್ಟೇ ಜನ ಒಂದು ಶಾಲೆ ಬಿಟ್ಟು ಇನ್ನೊಂದನ್ನು ಸೇರುತ್ತಾರೆ. ಎರಡೂ ಸೇರಿದರೆ ಶೇ. 16. ಅಷ್ಟಕ್ಕೇ ಅಲ್ಲಿ ಅದು ದೇಶದ ಚರ್ಚೆಯ ವಿಷಯ. ನಿಮ್ಮ ಶಾಲೆಯದು ಅದರ ಎರಡು ಪಟ್ಟು. ಶಿಕ್ಷಕ ವೃತ್ತಿಯನ್ನು ಬಿಡುವವರು ಎಲ್ಲ ಕಡೆಯೂ ಹೆಚ್ಚುತ್ತಿದ್ದಾರೆ ಎನ್ನುವುದು ನಿಜ. ಯುನೆಸ್ಕೊ ಲೆಕ್ಕದಲ್ಲಿ ಜಗತ್ತಿನ ಪ್ರಾಥಮಿಕ ಶಾಲಾ ಶಿಕ್ಷಕರಲ್ಲಿ ಹೀಗೆ ಬಿಡುವವರ ಪ್ರಮಾಣ 2015ರಲ್ಲಿ ಶೇ. 4.6 ಇತ್ತು, 2022ಕ್ಕೆ ಶೇ. 9ಕ್ಕೆ ಏರಿತು. ಆದರೆ ಜಗತ್ತಿನ ಗಾಳಿ ನಿಮ್ಮೊಂದು ಶಾಲೆಯ ಮೇಲೆ ಮಾತ್ರ ಇಷ್ಟೊಂದು ಜೋರಾಗಿ ಬೀಸುವುದಿಲ್ಲ. ಒಂದೇ ಜಾಗದಿಂದ ಇಷ್ಟು ಜನ ಎದ್ದು ಹೋಗುತ್ತಿದ್ದರೆ, ಹೋದವರ ಗುಣ ನೋಡುವ ಮೊದಲು ಆ ಜಾಗದ ಗುಣ ನೋಡಬೇಕು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಇಂಗರ್‌ಸಾಲ್ 2001ರಲ್ಲಿ ತೋರಿಸಿದ್ದು ಇದನ್ನೇ. ಶಿಕ್ಷಕರ ಕೊರತೆ ಎಂದಾಗ ಎಲ್ಲರೂ ‘ನಿವೃತ್ತರಾಗುವವರು ಜಾಸ್ತಿ, ಹೊಸಬರು ಕಡಿಮೆ’ ಎಂದುಕೊಂಡಿದ್ದರು. ಅವರು ಲೆಕ್ಕ ಹಾಕಿ ನೋಡಿದಾಗ ನಿವೃತ್ತಿಯ ಪಾಲು ಚಿಕ್ಕದಿತ್ತು. ಅದಕ್ಕಿಂತ ಬಹಳ ಹೆಚ್ಚು ಜನ ಕೆಲಸದ ಬಗ್ಗೆ ಬೇಸತ್ತು, ಅಥವಾ ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದರು. ಬೇಸರಕ್ಕೆ ಕಾರಣ ಕೇಳಿದರೆ ಸಂಬಳದ ಜೊತೆಜೊತೆಗೇ ಬಂದ ಉತ್ತರಗಳು: ಮೇಲಿನವರ ಬೆಂಬಲವಿಲ್ಲ, ತರಗತಿಯ ಶಿಸ್ತಿನ ವಿಷಯದಲ್ಲಿ ಯಾರೂ ಜೊತೆಗೆ ನಿಲ್ಲುವುದಿಲ್ಲ, ತೀರ್ಮಾನಗಳಲ್ಲಿ ನಮ್ಮ ಮಾತಿಗೆ ಜಾಗವಿಲ್ಲ. ತೂತು ಕೊಡಕ್ಕೆ ಎಷ್ಟು ನೀರು ಹೊತ್ತರೂ ನಿಲ್ಲುವುದಿಲ್ಲ. ನಿಮ್ಮ ಮಂಡಳಿ ವರ್ಷವರ್ಷವೂ ಜಾಹೀರಾತು ಕೊಟ್ಟು, ಡೆಮೊ ಕ್ಲಾಸ್ ತೆಗೆದುಕೊಳ್ಳಿಸಿ, ಹೊಸಬರನ್ನು ತುಂಬುತ್ತಿದೆ. ತೂತು ಎಲ್ಲಿದೆ ಎಂದು ನೋಡಿಲ್ಲ.

ಈ ತೂತು ತಾನಾಗಿ ದೊಡ್ಡದಾಗುತ್ತಾ ಹೋಗುತ್ತದೆ. ಅದು ಹೇಗೆಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ವಾರಕ್ಕೆ 40 ಪಿರಿಯಡ್ ಇರುವ ಶಾಲೆ ಎಂದಿಟ್ಟುಕೊಳ್ಳಿ. ಗಣಿತಕ್ಕೆ ಐವರು ಶಿಕ್ಷಕರು, ಒಬ್ಬೊಬ್ಬರಿಗೆ 28 ಪಿರಿಯಡ್. ಉಳಿದ 12ರಲ್ಲಿ ನೋಟ್‌ಬುಕ್ ತಿದ್ದುವುದು, ಪಾಠ ಯೋಜನೆ, ಹಿಂದುಳಿದ ಮಗುವನ್ನು ಕೂರಿಸಿಕೊಳ್ಳುವುದು, ಪೋಷಕರ ಜೊತೆ ಮಾತು, ಒಂದು ಲೋಟ ನೀರು ಕುಡಿಯುವುದು. ನಡುವರ್ಷದಲ್ಲಿ ಒಬ್ಬರು ಹೋದರು. ಅವರ 28 ಪಿರಿಯಡ್ ಉಳಿದ ನಾಲ್ವರ ಮೇಲೆ ಬಿತ್ತು, ತಲೆಗೆ ಏಳು. ಬಿಡುವು 12 ಇದ್ದದ್ದು 5ಕ್ಕೆ ಇಳಿಯಿತು. ತಿದ್ದಬೇಕಾದ ಪುಸ್ತಕ ಮನೆಗೆ ಹೋಯಿತು. ಎರಡು ವಾರದಲ್ಲಿ ತಿದ್ದುವುದು ಟಿಕ್ ಹಾಕುವುದಾಯಿತು. ಪೋಷಕರು ಅದನ್ನು ಗಮನಿಸಿ ದೂರು ಕೊಟ್ಟರು. ಪ್ರಾಂಶುಪಾಲರಿಗೆ ಗಾಬರಿ: ‘ಶಿಸ್ತು ಸಡಿಲವಾಗಿದೆ’ ಎಂದು ಇನ್ನೊಂದು ರಿಜಿಸ್ಟರ್, ಇನ್ನೊಂದು ಸಹಿ, ಇನ್ನೊಂದು ಮೆಮೊ. ಆ ರಿಜಿಸ್ಟರ್ ತುಂಬಿಸಲು ಉಳಿದಿದ್ದ ಐದರಲ್ಲಿ ಒಂದು ಪಿರಿಯಡ್ ಹೋಯಿತು. ಆಗ ನಾಲ್ವರಲ್ಲಿ ಯಾರು ಮೊದಲು ಹೋಗುತ್ತಾರೆ? ಹೊರಗೆ ಸುಲಭವಾಗಿ ಕೆಲಸ ಸಿಗುವವರು. ಅಂದರೆ ಸಾಮಾನ್ಯವಾಗಿ ಒಳ್ಳೆಯ ಶಿಕ್ಷಕರು.

ಗಮನಿಸಿ, ಈ ಸರಪಳಿಯಲ್ಲಿ ದುಷ್ಟರು ಯಾರೂ ಇಲ್ಲ. ಗದರುವ ಪ್ರಾಂಶುಪಾಲರನ್ನು ನಾನು ಸಮರ್ಥಿಸುತ್ತಿಲ್ಲ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಜನ ಹೋಗುವುದು ಕೆಟ್ಟ ನಾಯಕತ್ವದಿಂದ ಎನ್ನುವುದು ಎಷ್ಟು ನಿಜವೋ, ಜನ ಹೋಗುತ್ತಾ ಇದ್ದರೆ ಸಾಧಾರಣ ನಾಯಕರೂ ಕೆಟ್ಟವರಾಗುತ್ತಾರೆ ಎನ್ನುವುದೂ ಅಷ್ಟೇ ನಿಜ. ಬೆಳಿಗ್ಗೆ ಬಂದ ಕೂಡಲೇ ‘ಇವತ್ತು ಯಾವ ತರಗತಿಗೆ ಯಾರನ್ನು ಕಳಿಸಲಿ’ ಎಂದು ಟೈಮ್‌ಟೇಬಲ್ ಮುಂದೆ ನಿಲ್ಲುವ ಮನುಷ್ಯನಿಗೆ ಪಾಠದ ಬಗ್ಗೆ ಯೋಚಿಸಲು ತಲೆಯೇ ಉಳಿಯುವುದಿಲ್ಲ.

ಮಕ್ಕಳಿಗೆ ಆಗುವ ನಷ್ಟವನ್ನು ಅಳೆದವರಿದ್ದಾರೆ. ಮ್ಯಾಥ್ಯೂ ರಾನ್‌ಫೆಲ್ಟ್, ಸುಸಾನಾ ಲೋಬ್ ಮತ್ತು ಜೇಮ್ಸ್ ವೈಕಾಫ್ ನ್ಯೂಯಾರ್ಕ್ ನಗರದ ನಾಲ್ಕು ಮತ್ತು ಐದನೇ ತರಗತಿಗಳ ಎಂಟು ವರ್ಷದ ಫಲಿತಾಂಶಗಳನ್ನು ನೋಡಿ 2013ರಲ್ಲಿ ವರದಿ ಮಾಡಿದರು. ಶಿಕ್ಷಕರು ಹೆಚ್ಚು ಬದಲಾದ ತರಗತಿಮಟ್ಟಗಳಲ್ಲಿ ಗಣಿತ, ಭಾಷೆ ಎರಡರಲ್ಲೂ ಮಕ್ಕಳು ಹಿಂದೆ ಬಿದ್ದಿದ್ದರು. ಇದು ನಿರೀಕ್ಷಿತ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಅಂಶ: ತಮ್ಮ ಶಿಕ್ಷಕರು ಎಲ್ಲಿಗೂ ಹೋಗದೆ ಇದ್ದ ಮಕ್ಕಳಿಗೂ ಪೆಟ್ಟು ಬಿದ್ದಿತ್ತು. ಪಕ್ಕದ ತರಗತಿಯ ಶಿಕ್ಷಕಿ ಹೋದಾಗ ಅವರ ಜೊತೆ ಏನು ಹೋಗುತ್ತದೆ ಎಂದು ನಿಮಗೆ ಗೊತ್ತು. ಯಾವ ಮಗು ಭಿನ್ನರಾಶಿಯಲ್ಲಿ ಎಡವುತ್ತಾನೆ, ಯಾವ ಮಗುವಿನ ಮನೆಯಲ್ಲಿ ಜಗಳ, ಯಾರನ್ನು ಯಾರ ಪಕ್ಕ ಕೂರಿಸಬಾರದು, ಹೋದ ವರ್ಷ ಯಾವ ಪ್ರಶ್ನೆಪತ್ರಿಕೆ ಕೈಕೊಟ್ಟಿತು. ಇವು ಯಾವ ಫೈಲಿನಲ್ಲೂ ಇರುವುದಿಲ್ಲ. ಸ್ಟಾಫ್ ರೂಮಿನ ಮಾತಿನಲ್ಲಿ ಇರುತ್ತವೆ. ಮಾತಾಡುವವರು ಪ್ರತಿ ವರ್ಷ ಬದಲಾದರೆ ಶಾಲೆಗೆ ನೆನಪೇ ಇಲ್ಲದಂತಾಗುತ್ತದೆ.

ಈಗ ಪ್ರಾಂಶುಪಾಲರ ವಿಷಯ. ಅದಕ್ಕೆ ಮೊದಲು ನನ್ನದೊಂದು ತಪ್ಪನ್ನು ಹೇಳಬೇಕು. ನಾನು ಹದಿನಾಲ್ಕು ವರ್ಷ ಮುಖ್ಯೋಪಾಧ್ಯಾಯನಾಗಿದ್ದವನು. ಶುರುವಿನ ವರ್ಷಗಳಲ್ಲಿ ಒಬ್ಬ ಪೋಷಕರು ನಮ್ಮ ವಿಜ್ಞಾನ ಶಿಕ್ಷಕಿಯ ಮೇಲೆ ದೂರು ತಂದರು. ನಾನು ಅವರನ್ನು ಕರೆಸಿ, ಪೋಷಕರ ಎದುರಿಗೇ ‘ಯಾಕೆ ಹೀಗಾಯಿತು?’ ಎಂದು ಕೇಳಿದೆ. ದನಿ ಏರಿಸಿರಲಿಲ್ಲ. ನನ್ನ ಲೆಕ್ಕದಲ್ಲಿ ಅದು ನ್ಯಾಯವಾದ ವಿಚಾರಣೆ. ಅವತ್ತಿನಿಂದ ಆಕೆ ಸ್ಟಾಫ್ ಮೀಟಿಂಗಿನಲ್ಲಿ ಮಾತಾಡುವುದನ್ನು ನಿಲ್ಲಿಸಿದರು. ಅದಕ್ಕೂ ಮೊದಲು ಪ್ರತಿ ಮೀಟಿಂಗಿನಲ್ಲೂ ಏನಾದರೊಂದು ತಕರಾರು ಎತ್ತುತ್ತಿದ್ದವರು. ‘ಈಗ ಹೊಂದಿಕೊಂಡಿದ್ದಾರೆ’ ಎಂದು ನಾನು ಸಮಾಧಾನಪಟ್ಟೆ. ಏಳು ತಿಂಗಳ ನಂತರ ರಾಜೀನಾಮೆ ಬಂತು, ಕಾರಣ ‘ವೈಯಕ್ತಿಕ’. ಅವರು ಹೋದದ್ದು ಅವತ್ತಲ್ಲ, ಏಳು ತಿಂಗಳ ಹಿಂದೆಯೇ ಹೋಗಿದ್ದರು ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ಆಮೇಲೆ ಎಷ್ಟೋ ಶಾಲೆಗಳಿಗೆ ಸಲಹೆಗೆಂದು ಹೋಗಿದ್ದೇನೆ. ಹೋದ ಕೂಡಲೇ ನಾನು ನೋಡುವುದು ಬಿಟ್ಟವರ ಪಟ್ಟಿಯನ್ನಲ್ಲ, ಮೀಟಿಂಗಿನಲ್ಲಿ ಯಾರು ಮಾತಾಡುತ್ತಾರೆ, ಯಾರು ಮಾತು ನಿಲ್ಲಿಸಿದ್ದಾರೆ ಎಂಬುದನ್ನು. ಮುಂದಿನ ವರ್ಷದ ರಾಜೀನಾಮೆಗಳು ಅಲ್ಲಿ ಕಾಣುತ್ತವೆ.

ಎಲ್ಲರೆದುರು ಗದರುವುದು, ಕೇಳದೆ ಮೆಮೊ ಕೊಡುವುದು ಯಾಕೆ ಇಷ್ಟು ಹಾನಿ ಮಾಡುತ್ತವೆ ಎನ್ನುವುದಕ್ಕೆ ಷಿಕಾಗೊದ ಒಂದು ದೊಡ್ಡ ಅಧ್ಯಯನವಿದೆ. ಆಂಥನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್ 1990ರ ದಶಕದಲ್ಲಿ ಅಲ್ಲಿನ 400ಕ್ಕೂ ಹೆಚ್ಚು ಶಾಲೆಗಳನ್ನು ಗಮನಿಸಿದರು. ಶಿಕ್ಷಕರು, ಮುಖ್ಯಸ್ಥರು, ಪೋಷಕರ ನಡುವೆ ನಂಬಿಕೆ ಗಟ್ಟಿಯಿದ್ದ ಕಡೆ ಎರಡರಲ್ಲಿ ಒಂದು ಶಾಲೆ ಸುಧಾರಿಸುತ್ತಿತ್ತು. ನಂಬಿಕೆ ತೆಳುವಾಗಿದ್ದ ಕಡೆ ಏಳರಲ್ಲಿ ಒಂದು. ಅವರು ನಂಬಿಕೆಯನ್ನು ನಾಲ್ಕು ಎಳೆಗಳಾಗಿ ಬಿಡಿಸಿದರು: ಗೌರವ, ಕೆಲಸದ ಸಾಮರ್ಥ್ಯ, ಮನುಷ್ಯರಾಗಿ ಒಬ್ಬರ ಮೇಲೊಬ್ಬರಿಗೆ ಇರುವ ಕಾಳಜಿ, ಮತ್ತು ನುಡಿದಂತೆ ನಡೆಯುವುದು. ಒಂದು ಎಳೆ ಕಡಿದರೂ ಉಳಿದವು ಭಾರ ಹೊರಲಾರವು. ಕೇಳದೆ ಕೊಟ್ಟ ಒಂದು ಮೆಮೊ ಮೊದಲ ಮತ್ತು ಮೂರನೆಯ ಎಳೆಗಳನ್ನು ಒಟ್ಟಿಗೆ ಕಡಿಯುತ್ತದೆ. ಅದನ್ನು ಪಡೆದವರದ್ದು ಮಾತ್ರವಲ್ಲ, ನೋಡಿದ ಎಲ್ಲರದ್ದೂ.

ಸಂಬಳದ ಬಗ್ಗೆಯೂ ಒಂದು ಮಾತು. ಸಂಬಳ ಕಡಿಮೆಯಿದ್ದು, ಅದೂ ಸಮಯಕ್ಕೆ ಬರದಿದ್ದರೆ, ಪ್ರಾಂಶುಪಾಲರು ಎಷ್ಟೇ ಒಳ್ಳೆಯವರಾದರೂ ಜನರನ್ನು ಹಿಡಿದಿಡಲಾರರು. ನೀವು ಆ ವಿಷಯ ಬರೆದಿಲ್ಲ, ಹಾಗಾಗಿ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು, ನೀವು ಹಾಗೇ ಹೇಳಿ ದಾಟಿಹೋದ ಒಂದು ವಾಕ್ಯ: ಐದು ವರ್ಷದಲ್ಲಿ ನಾಲ್ಕನೆಯ ಪ್ರಾಂಶುಪಾಲರು. ಒಬ್ಬರು ಕೆಟ್ಟವರಿರಬಹುದು, ಇಬ್ಬರೂ ಇರಬಹುದು. ನಾಲ್ಕು ಜನ ಬಂದುಹೋದರೆ ಪ್ರಶ್ನೆ ಆ ಕುರ್ಚಿಯದ್ದು. ಇಂಥ ಶಾಲೆಗಳಲ್ಲಿ ಒಂದು ಮಟ್ಟ ಮೇಲೆ ಹೋಗಿ ನೋಡಿದರೆ ಬಹುತೇಕ ಒಂದೇ ಚಿತ್ರ ಕಾಣುತ್ತದೆ. ಪ್ರಾಂಶುಪಾಲರಿಗೆ ಹೊಣೆಯಿದೆ, ಅಧಿಕಾರವಿಲ್ಲ. ನೇಮಕಾತಿ ಮಂಡಳಿಯವರದ್ದು, ಒಂದು ಪೆಟ್ಟಿಗೆ ಸೀಮೆಸುಣ್ಣ ಕೊಳ್ಳಲೂ ಅವರ ಸಹಿ. ಪೋಷಕರು ಪ್ರಾಂಶುಪಾಲರನ್ನು ದಾಟಿ ನೇರವಾಗಿ ಮಂಡಳಿಯ ಸದಸ್ಯರಿಗೆ ಫೋನ್ ಮಾಡುತ್ತಾರೆ, ಸದಸ್ಯರು ಪ್ರಾಂಶುಪಾಲರಿಗೆ ಫೋನ್ ಮಾಡಿ ‘ಏನ್ರೀ ಇದು’ ಎನ್ನುತ್ತಾರೆ. ಕೆಲಸ ಹೋದೀತೆಂಬ ಭಯ ಅಲ್ಲಿಂದ ಕೆಳಗಿಳಿದು ಮೆಮೊ ಆಗಿ ನಿಮ್ಮ ಮೇಜಿಗೆ ಬರುತ್ತದೆ. ನಿಮ್ಮ ಶಾಲೆಯಲ್ಲಿ ಹೀಗೇ ಇದೆ ಎಂದು ನಾನು ಇಲ್ಲಿ ಕುಳಿತು ತೀರ್ಪು ಕೊಡಲಾರೆ. ನೀವು ನೋಡಿ. ದೂರು ಮೊದಲು ಯಾರ ಫೋನಿಗೆ ಬರುತ್ತದೆ ಎಂದು ತಿಳಿದುಕೊಂಡರೆ ಅರ್ಧ ಉತ್ತರ ಸಿಗುತ್ತದೆ. ಹೀಗೇ ಇದ್ದರೆ ಈ ಪ್ರಾಂಶುಪಾಲರು ಹೋಗಲಿ ಎಂದು ಕಾಯಬೇಡಿ. ಐದನೆಯವರೂ ಇದೇ ಕುರ್ಚಿಯಲ್ಲಿ ಕೂರುತ್ತಾರೆ. ಮುಖ್ಯಸ್ಥರು ಪದೇ ಪದೇ ಬದಲಾಗುವ ಶಾಲೆಗಳಲ್ಲಿ ಶಿಕ್ಷಕರೂ ಹೆಚ್ಚು ಬಿಡುತ್ತಾರೆ, ಮಕ್ಕಳ ಕಲಿಕೆಯೂ ಇಳಿಯುತ್ತದೆ ಎನ್ನುವುದು ಒಂದಕ್ಕಿಂತ ಹೆಚ್ಚು ಅಧ್ಯಯನಗಳಲ್ಲಿ ಕಂಡಿದೆ.

ಹಾಗಾದರೆ ನಿಮ್ಮಿಂದ ಏನಾದೀತು? ಕೋಆರ್ಡಿನೇಟರ್ ಎಂದರೆ ಮೇಲಿನವರ ಒತ್ತಡ, ಕೆಳಗಿನವರ ಸಿಟ್ಟು ಎರಡೂ ಬಂದು ಸೇರುವ ಜಾಗ. ಆದರೂ ಟೈಮ್‌ಟೇಬಲ್ ಮತ್ತು ಬದಲಿ ಪಿರಿಯಡ್ ನಿಮ್ಮ ಕೈಯಲ್ಲಿದ್ದರೆ, ನಾನು ಮೇಲೆ ಹೇಳಿದ ಸರಪಳಿಯ ಒಂದು ಕೊಂಡಿ ನಿಮ್ಮ ಕೈಯಲ್ಲೇ ಇದೆ.

ಮೊದಲು ಒಂದು ಹಾಳೆ ತೆಗೆದುಕೊಂಡು ಮೂರು ವರ್ಷದಲ್ಲಿ ಬಿಟ್ಟುಹೋದ ಎಲ್ಲರ ಹೆಸರು ಬರೆಯಿರಿ. ಯಾವ ವಿಷಯ, ಎಷ್ಟು ವರ್ಷ ಇದ್ದರು, ಯಾವ ತಿಂಗಳಲ್ಲಿ ಹೋದರು, ಅವರಿಗೆ ಯಾವ ಸೆಕ್ಷನ್ ಕೊಟ್ಟಿತ್ತು, ಎಷ್ಟು ಬದಲಿ ಪಿರಿಯಡ್ ಮಾಡಿದ್ದರು. ಇದು ಮನಸ್ಸಿನಲ್ಲಿದ್ದರೆ ಬರೀ ಗೊಣಗಾಟ, ಹಾಳೆಯ ಮೇಲೆ ಬಂದರೆ ಒಂದು ಆಕಾರ ಕಾಣುತ್ತದೆ. ಒಂದು ಶಾಲೆಯಲ್ಲಿ ಹೀಗೆ ಬರೆಸಿದಾಗ, ಹೋದವರಲ್ಲಿ ಹೆಚ್ಚಿನವರು ಮೊದಲ ಎರಡು ವರ್ಷದೊಳಗಿನವರು ಎಂದು ಗೊತ್ತಾಯಿತು. ಎಲ್ಲರಿಗೂ ಅತಿ ಕಷ್ಟದ ಸೆಕ್ಷನ್‌ಗಳನ್ನೇ ಕೊಟ್ಟಿದ್ದರು, ಯಾಕೆಂದರೆ ಹಳಬರು ಸುಲಭದವನ್ನು ಆರಿಸಿಕೊಂಡಿದ್ದರು. ಅಲ್ಲಿ ಪ್ರಾಂಶುಪಾಲರನ್ನು ಬದಲಿಸದೆ, ಸೆಕ್ಷನ್ ಹಂಚುವ ರೀತಿಯನ್ನಷ್ಟೇ ಬದಲಿಸಿದೆವು. ಮರುವರ್ಷ ಹೊಸಬರು ನಿಂತರು. ನಿಮ್ಮ ಹಾಳೆಯಲ್ಲಿ ಬೇರೆಯೇ ಆಕಾರ ಕಾಣಬಹುದು.

ಹೋಗುವವರನ್ನು ‘ಯಾಕೆ ಹೋಗುತ್ತೀರಿ’ ಎಂದು ಕೇಳಿ ಪ್ರಯೋಜನ ಕಡಿಮೆ. ಅವರಿಗೆ ಅನುಭವ ಪತ್ರ ಬೇಕು, ಸತ್ಯ ಹೇಳುವುದಿಲ್ಲ. ಇರುವವರನ್ನು ಕೇಳಿ, ಒಬ್ಬೊಬ್ಬರನ್ನೇ, ಹತ್ತು ನಿಮಿಷ: ‘ಈ ಶಾಲೆಯಲ್ಲಿ ಯಾವುದೊಂದು ಬದಲಾದರೆ ನಿಮಗೆ ಕೆಲಸ ಹಗುರಾಗುತ್ತೆ?’ ಉತ್ತರಗಳು ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿರುತ್ತವೆ. ವಾರದಲ್ಲಿ ಒಂದು ದಿನವಾದರೂ ಎರಡು ಬಿಡುವು ಒಟ್ಟಿಗೆ ಸಿಗಲಿ. ರಾತ್ರಿ ಹತ್ತರ ಮೇಲೆ ಗ್ರೂಪಿನಲ್ಲಿ ಆದೇಶ ಬೇಡ. ಪರೀಕ್ಷೆಯ ವಾರದಲ್ಲಿ ಟೈಮ್‌ಟೇಬಲ್ ಬದಲಿಸಬೇಡಿ.

ಆಮೇಲೆ ಪ್ರಾಂಶುಪಾಲರ ಬಳಿ ಹೋಗಿ. ಒಬ್ಬರೇ ಹೋಗಿ, ಗುಂಪು ಕಟ್ಟಿಕೊಂಡು ಬೇಡ. ಭಯದಲ್ಲಿರುವ ಮನುಷ್ಯ ಗುಂಪು ಕಂಡರೆ ಇನ್ನಷ್ಟು ಬಿಗಿಯಾಗುತ್ತಾನೆ. ಅವರ ಸ್ವಭಾವದ ಬಗ್ಗೆ ಒಂದು ಮಾತೂ ಆಡಬೇಡಿ. ‘ಸರ್, ಹೋದ ವರ್ಷ ಹನ್ನೊಂದು ಜನ ಹೋದರು. ಈ ವರ್ಷ ಅದು ಐದಕ್ಕೆ ಇಳಿದರೆ ನಿಮಗೆ ಮಂಡಳಿಯ ಮುಂದೆ ಹೇಳಿಕೊಳ್ಳಲು ಒಂದು ವಿಷಯ ಆಗುತ್ತೆ. ಮೂರು ಕೆಲಸ ಮಾಡಿ ನೋಡೋಣ’ ಎಂದು ಶುರು ಮಾಡಿ. ಒಬ್ಬರಿಗೆ ವಾರಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಬದಲಿ ಪಿರಿಯಡ್ ಕೊಡಬಾರದು. ಮೀರಿದರೆ ಎರಡು ಸೆಕ್ಷನ್‌ಗಳನ್ನು ಒಟ್ಟಿಗೆ ಕೂರಿಸಿದರೂ ಸರಿ. ಪೋಷಕರ ದೂರು ಬಂದರೆ ಒಂದು ದಿನದ ಒಳಗೆ ಶಿಕ್ಷಕರ ಮಾತು ಕೇಳಿ, ಆಮೇಲೆ ಮಾತ್ರ ಉತ್ತರ. ಹೊಸಬರಿಗೆ ಮೊದಲ ವರ್ಷ ಜೊತೆಗೊಬ್ಬ ಹಳಬರು ಮತ್ತು ಎರಡು ಪಿರಿಯಡ್ ಕಡಿಮೆ. ಈ ಮೂರಕ್ಕೂ ಹಣ ಹೆಚ್ಚು ಬೇಡ. ಎರಡನೆಯದಕ್ಕೆ ಅವರು ಒಪ್ಪುವುದು ಕಷ್ಟ, ಯಾಕೆಂದರೆ ಅದಕ್ಕೆ ಅವರು ಪೋಷಕರ ಎದುರು ‘ನಾಳೆ ಹೇಳುತ್ತೇನೆ’ ಎನ್ನುವ ಧೈರ್ಯ ತೋರಬೇಕು. ಅಲ್ಲಿ ನೀವು ಜೊತೆಗೆ ಕೂರುತ್ತೇನೆ ಎನ್ನಿ.

ಇನ್ನೊಂದು ಅವಕಾಶ ಬಿಡಬೇಡಿ. ಅವರು ತಪ್ಪು ಹುಡುಕುವ ಫಾರ್ಮ್ ಹಿಡಿದು ತರಗತಿ ವೀಕ್ಷಣೆಗೆ ಬರುವುದನ್ನು ಕಾಯುವ ಬದಲು, ನಿಮ್ಮ ಗಣಿತ ವಿಭಾಗದ ಪಾಠ ಚರ್ಚೆಗೆ ಅವರನ್ನೇ ಕರೆಯಿರಿ. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಜೊತೆಗಾರರು 2008ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಮುಖ್ಯಸ್ಥರು ಮಾಡುವ ಎಲ್ಲ ಕೆಲಸಗಳಲ್ಲಿ ಮಕ್ಕಳ ಕಲಿಕೆಗೆ ಅತಿ ಹೆಚ್ಚು ನೆರವಾದದ್ದು ಶಿಕ್ಷಕರ ಕಲಿಕೆಯಲ್ಲಿ ತಾವೂ ಕೂತು ಪಾಲ್ಗೊಳ್ಳುವುದು ಎಂದು ಕಂಡುಬಂತು. ಗದರುವ ಎಷ್ಟೋ ಮುಖ್ಯಸ್ಥರು ಪಾಠದ ಮಾತಿಗೆ ಕೂತಾಗ ಬೇರೆಯೇ ಮನುಷ್ಯರಾಗುವುದನ್ನು ನಾನು ಕಂಡಿದ್ದೇನೆ. ಅವರೂ ಒಂದು ಕಾಲಕ್ಕೆ ಮೇಷ್ಟ್ರೇ.

ಇದೆಲ್ಲ ವ್ಯರ್ಥ ಎನ್ನಿಸಿದರೆ ನ್ಯೂಯಾರ್ಕಿನ ಇನ್ನೊಂದು ಅಧ್ಯಯನ ನೆನಪಿಟ್ಟುಕೊಳ್ಳಿ. ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು ಅಲ್ಲಿನ ಒಂದಷ್ಟು ಶಾಲೆಗಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ 2016ರಲ್ಲಿ ಬರೆದರು: ಒಂದೇ ಶಾಲೆಯಲ್ಲಿ ನಾಯಕತ್ವ ಸುಧಾರಿಸಿದಾಗ ಬಿಟ್ಟುಹೋಗುವವರು ಕಡಿಮೆಯಾದರು. ಶಾಲೆಗೆ ಇಂಥದ್ದೇ ಹಣೆಬರಹ ಎಂದೇನಿಲ್ಲ.

ಮಂಡಳಿಯ ಬಳಿ ಹೋಗುವುದು ಕೊನೆಗೆ, ಅದೂ ಆ ಹಾಳೆಯ ಜೊತೆ, ಸಾಧ್ಯವಾದರೆ ಪ್ರಾಂಶುಪಾಲರಿಗೆ ತಿಳಿಸಿಯೇ.

ಈಗ ಇರಬೇಕೋ ಹೋಗಬೇಕೋ. ನೀವು ಹೋಗುವುದು ದ್ರೋಹವಲ್ಲ, ಇರುವುದು ಹೇಡಿತನವೂ ಅಲ್ಲ. ಒಂದು ಗಡುವು ಇಟ್ಟುಕೊಳ್ಳಿ, ಎರಡು ಟರ್ಮ್ ಸಾಕು. ಆ ಮೂರರಲ್ಲಿ ಒಂದಾದರೂ ಜಾರಿಗೆ ಬಂತೇ? ಮೀಟಿಂಗಿನಲ್ಲಿ ಒಬ್ಬರಾದರೂ ಮತ್ತೆ ಬಾಯಿ ಬಿಟ್ಟರೇ? ಬಂದಿದ್ದರೆ ಇನ್ನೊಂದು ವರ್ಷ ಕೊಡಿ. ಏನೂ ಅಲುಗಾಡದಿದ್ದರೆ ಹೊರಡಿ. ಕ್ರಾಫ್ಟ್ ಮತ್ತು ಜಾನ್ ಪಪೇ 2014ರಲ್ಲಿ ಲೆಕ್ಕ ಹಾಕಿದಂತೆ, ಬೆಂಬಲವಿರುವ ಶಾಲೆಯಲ್ಲಿರುವ ಶಿಕ್ಷಕರು ಬೆಂಬಲ ಕಡಿಮೆಯಿರುವ ಶಾಲೆಯವರಿಗಿಂತ ಹತ್ತು ವರ್ಷದಲ್ಲಿ ಶೇ. 38ರಷ್ಟು ಹೆಚ್ಚು ಬೆಳೆದಿದ್ದರು. ನಿಮಗಿನ್ನೂ ಎಷ್ಟೋ ವರ್ಷಗಳ ಪಾಠ ಬಾಕಿಯಿದೆ, ಎಷ್ಟೋ ಮಕ್ಕಳು ಬರಲಿದ್ದಾರೆ. ಅವರ ಪಾಲಿನ ಶಿಕ್ಷಕಿ ಇಲ್ಲಿ ಸೊರಗಬಾರದು. ಎರಡು ಸಂದರ್ಭದಲ್ಲಿ ಮಾತ್ರ ಗಡುವನ್ನೂ ಕಾಯಬೇಡಿ: ಅಂಕ ತಿದ್ದಲು ಹೇಳಿದರೆ, ಅಥವಾ ಮಗುವಿನ ಸುರಕ್ಷತೆಗೆ ಸಂಬಂಧಿಸಿದ್ದನ್ನು ಮುಚ್ಚಿಡಲು ಹೇಳಿದರೆ. ಎರಡನೆಯದನ್ನು ಸಂಬಂಧಪಟ್ಟವರಿಗೆ ತಿಳಿಸದೆ ಹೊರಡಲೂಬೇಡಿ.

ಹೋಗುವುದೇ ಆದರೆ ವರ್ಷದ ಕೊನೆಗೆ ಹೋಗಿ. ಪ್ರತಿ ತರಗತಿಗೂ ಒಂದು ಪುಟ ಬರೆದಿಟ್ಟು ಹೋಗಿ: ಯಾವ ಮಗು ಎಲ್ಲಿ ನಿಂತಿದ್ದಾನೆ, ಯಾರಿಗೆ ಹೇಗೆ ಹೇಳಿದರೆ ಅರ್ಥವಾಗುತ್ತದೆ. ನಿಮ್ಮ ನಂತರ ಬರುವವರು ಸೊನ್ನೆಯಿಂದ ಶುರು ಮಾಡಬೇಕಾಗುವುದಿಲ್ಲ. ಇರುವುದಾದರೂ ಈ ಪುಟ ಈಗಲೇ ಬರೆಯಲು ತೊಡಗಿ, ನಿಮ್ಮ ವಿಭಾಗದ ಉಳಿದವರಿಂದಲೂ ಬರೆಸಿ.

ಆ ಹುಡುಗಿ. ಆಕೆಗೆ ‘ಇಲ್ಲ, ನಾನು ಎಲ್ಲಿಗೂ ಹೋಗಲ್ಲ’ ಎನ್ನಬೇಡಿ. ಹಾಗೆ ಹೇಳಿ ಹೋದವರನ್ನು ಆಕೆ ಈಗಾಗಲೇ ನೋಡಿರುತ್ತಾಳೆ. ‘ಗೊತ್ತಿಲ್ಲಮ್ಮ’ ಎಂದೂ ಬೇಡ, ಆ ವಯಸ್ಸಿನ ಮಗುವಿಗೆ ಅದು ‘ಹೌದು’ ಎಂದೇ ಕೇಳಿಸುತ್ತದೆ. ನೀವು ಖಂಡಿತ ಉಳಿಸಿಕೊಳ್ಳಬಲ್ಲ ಮಾತನ್ನಷ್ಟೇ ಕೊಡಿ. ನಾಳೆ ತರಗತಿಗೆ ಹೋದಾಗ, ಆಕೆ ಮತ್ತೆ ಕೇಳುವವರೆಗೂ ಕಾಯದೆ, ಪಕ್ಕಕ್ಕೆ ಕರೆದು ಹೇಳಿ: ‘ಮೊನ್ನೆ ಕೇಳಿದ್ಯಲ್ಲ, ಈ ವರ್ಷ ಪೂರ್ತಿ ನಿಮಗೆ ಗಣಿತ ನಾನೇ ಹೇಳಿಕೊಡ್ತೀನಿ. ಮುಂದಿನ ವರ್ಷದ್ದು ತೀರ್ಮಾನ ಆದಾಗ ಮೊದಲು ನಿಮ್ಮ ತರಗತಿಗೇ ಹೇಳ್ತೀನಿ.’